ಲಕ್ಷಕ್ಕೆ ಎಷ್ಟು?

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸಿ ವಿಶ್ರಾಂತರಾದ ಉಪಾಧ್ಯಾಯರೊಬ್ಬರಿಗೆ ಸಂಖ್ಯೆಯೆಂದರೆ ಭಯವಿರಲಿಲ್ಲ. ಮಿಕ್ಕವರು ಭಯಪಡುವ ಸಮಯದಲ್ಲಿ ಅವರು ಸಂಖ್ಯೆಯನ್ನೇ ಮೊರೆಹೊಗುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತೆಂದರೆ ಗಂಟೆಗೊಮ್ಮೆ ಉಷ್ಣಮಾಪಕವನ್ನು ನೋಡಿ ಅಂಕಿಯನ್ನು ಬರೆದಿಡುವರು. ಮಳೆ ಮಿತಿಮೀರಿತೆಂದು ಬೀದಿಯವರು ಕಳವಳಗೊಂಡರೆ, ಹಿಂದಿನ ಹತ್ತು ವರ್ಷಗಳ ಮಳೆಯ ಲೆಕ್ಕವನ್ನು ತೆಗೆದು ತೋರಿಸಿ, ಇದಕ್ಕಿಂತ ಹೆಚ್ಚಾಗಿ ಸುರಿದ ವರ್ಷವೂ ಉಂಟೆಂದು ಸಮಾಧಾನಪಡಿಸುವರು. ಅಂಥವರನ್ನು ಒಂದು ಸಣ್ಣ ಭಾಗಾಕಾರದ ಲೆಕ್ಕವು ಮೂರು ರಾತ್ರಿ ನಿದ್ದೆಗೆಡಿಸಿತೆಂದರೆ ಅವರ ಹಳೆಯ ಶಿಷ್ಯರು ನಂಬಲಾರರು. ಆದರೂ ನಡೆದುದು ಹಾಗೆಯೇ.

2021ನೆಯ ಇಸವಿಯ ಯುಗಾದಿ ಕಳೆದ ಕೆಲವು ದಿನಗಳಲ್ಲಿ ಅವರ ಒಬ್ಬಳೇ ಮಗಳಿಗೆ ಅಮೆರಿಕದ ಸಂಯುಕ್ತ ಸಂಸ್ಥಾನದಿಂದ ಒಂದು ಕಾಗದ ಬಂದಿತು. ಬೆಂಗಳೂರಿನಲ್ಲಿ ಜೀವಶಾಸ್ತ್ರವನ್ನು ಓದಿ ಪದವಿ ಪಡೆದಿದ್ದ ಆಕೆಗೆ ಮಿಸೂರಿ ರಾಜ್ಯದ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಸಂಶೋಧನೆಯ ಕೆಲಸ ದೊರೆತಿತ್ತು. ಸುದ್ದಿಯು ಬೀದಿಯಲ್ಲಿ ಹರಡಿತು. ಎದುರು ಮನೆಯ ವಕೀಲರು ಬಂದು ಅಭಿನಂದಿಸಿ, ಕಾಫಿ ಕುಡಿಯುತ್ತ, "ಸದ್ಯ, ಶಿಕಾಗೊ ಅಲ್ಲವಲ್ಲ! ಅದೊಂದು ಕೊಲೆಗಡುಕರ ಊರು" ಎಂದರು. ಅವರು ಆ ಊರನ್ನು ಕಂಡವರಲ್ಲ. ಆದರೆ 1920ರ ದಶಕದ ಕಳ್ಳಸಾರಾಯಿಯ ದೊರೆಗಳ ಚಿತ್ರಗಳನ್ನು ಯೌವನದಲ್ಲಿ ನೋಡಿದ್ದರು. 2016ರಿಂದ ಈಚೆಗೆ ಅಮೆರಿಕದ ಚುನಾವಣೆಗಳಲ್ಲಿ ಆ ಪಟ್ಟಣದ ಹೆಸರು ಬೈಗುಳದಂತೆ ಬಳಕೆಯಾಗುತ್ತಿದ್ದುದನ್ನು ಕೇಳಿದ್ದರು. ಸಾವಿರಾರು ಮೈಲಿಗಳಾಚೆಯ ಒಂದು ಊರಿನ ವಿಷಯದಲ್ಲಿ ಅಭಿಪ್ರಾಯವನ್ನು ಕಟ್ಟಿಕೊಳ್ಳುವುದಕ್ಕೆ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಬೇಕಾಗುವುದಿಲ್ಲ.

ಉಪಾಧ್ಯಾಯರಿಗೆ ಆ ಮಾತಿನಿಂದ ನೆಮ್ಮದಿಯಾಯಿತು. ಆದರೆ ಅಭ್ಯಾಸಬಲ ಬಿಡಲಿಲ್ಲ. ಸಂಜೆ ಗಣಕಯಂತ್ರದ ಮುಂದೆ ಕುಳಿತು, ಹಿಂದಿನ ವರ್ಷದ ಕೊಲೆಗಳ ಲೆಕ್ಕವನ್ನು ಹುಡುಕಿ ತೆಗೆದರು. 2020ರಲ್ಲಿ ಶಿಕಾಗೊ ಪೋಲೀಸರ ಲೆಕ್ಕದಂತೆ ಅಲ್ಲಿ 769 ಕೊಲೆಗಳಾಗಿದ್ದುವು; ನ್ಯೂಯಾರ್ಕಿನಲ್ಲಿ 460ಕ್ಕೂ ಮೇಲೆ; ಸೇಂಟ್ ಲೂಯಿಸಿನಲ್ಲಿ 263. ವಕೀಲರ ಮಾತು ನಿಜವೆಂದೇ ತೋರಿತು. ಆದರೆ ಭಾಗಿಸದೆ ಹೋಲಿಸಬಾರದೆಂಬುದನ್ನು ಎಳೆಯ ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟ ಕೈ ಸುಮ್ಮನಿರಲಿಲ್ಲ. ಅಮೆರಿಕದ ಗಣಕರು ಒಂದು ನೂರು ಸಾವಿರ ಜನರಿಗೆ ಇಷ್ಟೆಂದು ಎಣಿಸುವರು. ಅದು ಈ ದೇಶದ ಲಕ್ಷವೇ ಆದುದರಿಂದ ಲೆಕ್ಕ ಸುಲಭ. ನ್ಯೂಯಾರ್ಕಿನಲ್ಲಿ ಲಕ್ಷಕ್ಕೆ ಐದಕ್ಕಿಂತ ಸ್ವಲ್ಪ ಮೇಲೆ. ಸುಮಾರು 27 ಲಕ್ಷ ಜನರಿರುವ ಶಿಕಾಗೊವಿನಲ್ಲಿ ಲಕ್ಷಕ್ಕೆ 28. ಸೇಂಟ್ ಲೂಯಿಸಿನ ಜನಸಂಖ್ಯೆಯೋ, ಮೂರು ಲಕ್ಷ ಮಾತ್ರ. ಅವರು ಪೆನ್ಸಿಲನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡು ಇನ್ನೊಮ್ಮೆ ಭಾಗಿಸಿದರು. ಲಕ್ಷಕ್ಕೆ 87. ಶಿಕಾಗೊವಿನ ಮೂರರಷ್ಟು, ನ್ಯೂಯಾರ್ಕಿನ ಹದಿನಾರರಷ್ಟು.

ಆ ರಾತ್ರಿ ಅವರು ಪತ್ನಿಗೆ ಏನನ್ನೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮೂರನೆಯ ದಿನ ಆಕೆಯೇ ಮೇಜಿನ ಮೇಲಿದ್ದ ಚೀಟಿಯನ್ನು ಕಂಡು, ಈ 87 ಯಾವುದೆಂದು ಕೇಳಿದರು. ಹೇಳಲೇಬೇಕಾಯಿತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬೀದಿಯಲ್ಲಿ ಆ ವರ್ಷ ಲಕ್ಷಕ್ಕೆ ಎಷ್ಟಾಗಿತ್ತು?" ಎಂದರು.

ಆ ವರ್ಷವೆಂದರೆ ಯಾವ ವರ್ಷವೆಂಬುದನ್ನು ಇಬ್ಬರೂ ಬಲ್ಲರು. ಮಗಳು ಹುಟ್ಟುವುದಕ್ಕೆ ಮುಂಚೆ, ಒಂದು ಮಾಗಿಯ ಬೆಳಗ್ಗೆ, ಬೀದಿಯ ಕೊನೆಯ ಮನೆಯ ಹಿತ್ತಲಿನಲ್ಲಿ ಮನೆಯ ಯಜಮಾನನು ಸತ್ತು ಬಿದ್ದಿದ್ದನು. ತಲೆಗೆ ಪೆಟ್ಟು ಬಿದ್ದಿತ್ತು. ಹೊರ ಊರಿನ ಕಳ್ಳರ ತಂಡವೆಂದು ಎಲ್ಲರೂ ನಿಶ್ಚಯಿಸಿದರು. ದೀಪ ಹಚ್ಚುವುದಕ್ಕೆ ಮೊದಲೇ ಬಾಗಿಲುಗಳು ಮುಚ್ಚತೊಡಗಿದುವು. ಕಂಬಳಿ ಮಾರುವವರು ಬೀದಿಗೆ ಬರುವುದು ನಿಂತಿತು. ಬಂದ ಒಬ್ಬನನ್ನು ತರುಣರು ಹಿಡಿದು ಹೊಡೆದರು. ಪುರಸಭೆಯ ಚುನಾವಣೆಗೆ ನಿಂತಿದ್ದ ಒಬ್ಬರು ರಾತ್ರಿಯ ಗಸ್ತಿನ ವಿಷಯವಾಗಿ ಮೂರು ಭಾಷಣ ಮಾಡಿ ಗೆದ್ದರು. ಏಳನೆಯ ತಿಂಗಳಲ್ಲಿ, ಕೊಂದವನು ಸತ್ತವನ ಒಡಹುಟ್ಟಿದವನೇ ಎಂದೂ, ಕಾರಣವು ಬಾವಿಯ ಪಕ್ಕದ ಎರಡು ಗಜ ನೆಲವೆಂದೂ ತಿಳಿದುಬಂದಿತು. ಆಗ ಬಾಗಿಲುಗಳು ತೆರೆದುವೇ ಎಂದರೆ ಇಲ್ಲ. ಬೀಗದ ಅಭ್ಯಾಸ ಉಳಿಯಿತು. ಪೆಟ್ಟು ತಿಂದ ಕಂಬಳಿಯವನಿಗೆ ಯಾರೂ ಏನನ್ನೂ ಹೇಳಲಿಲ್ಲ. ಗಸ್ತಿನ ಭಾಷಣದಿಂದ ಗೆದ್ದವರು ಅಧಿಕಾರದಲ್ಲಿಯೇ ಇದ್ದರು.

ಐದು ನೂರು ಜನರ ಬೀದಿಯಲ್ಲಿ ಒಂದು ಕೊಲೆಯೆಂದರೆ ಲಕ್ಷಕ್ಕೆ 200. ಉಪಾಧ್ಯಾಯರು ಅದನ್ನು ಮನಸ್ಸಿನಲ್ಲೇ ಎಣಿಸಿ ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ. ಇಡೀ ಭಾರತದಲ್ಲಿ 2022ರಲ್ಲಿ ದಾಖಲಾದ ಕೊಲೆಗಳು 28,522, ಅಂದರೆ ಲಕ್ಷಕ್ಕೆ 2.1, ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಜಗಳವೇ ಕಾರಣವೆಂದೂ, ಲಾಭಕ್ಕಾಗಿ ನಡೆದವು ಎರಡು ಸಾವಿರಕ್ಕೂ ಕಡಮೆಯೆಂದೂ ಸರ್ಕಾರದ ಅಪರಾಧದಾಖಲೆಯು ಹೇಳುತ್ತದೆ. ಜನರು ಬೀಗ ಹಾಕುವುದು ಹೊರಗಿನವನ ಭಯದಿಂದ. ಕೊಲ್ಲುವವನು ಬಹುಮಟ್ಟಿಗೆ ಬೀಗದ ಒಳಗಿರುವವನು, ಇಲ್ಲವೆ ಪಕ್ಕದವನು. ಆದರೆ ಲೆಕ್ಕದಿಂದ ಭಯ ಹುಟ್ಟಿರಲಿಲ್ಲವಾದುದರಿಂದ ಲೆಕ್ಕದಿಂದ ಅದು ಹೋಗಲೂ ಇಲ್ಲ.

ಪತ್ನಿಯ ಪ್ರಶ್ನೆಯಿಂದ ಉಪಾಧ್ಯಾಯರಿಗೆ ಒಂದು ವಿಷಯ ಹೊಳೆಯಿತು. ಭಿನ್ನರಾಶಿಯಲ್ಲಿ ಎಲ್ಲರ ಕಣ್ಣೂ ಮೇಲಿನ ಅಂಶದ ಮೇಲೆಯೇ ಹೋಗುವುದು. ಕೆಳಗಿನ ಛೇದವನ್ನು ಯಾರು ಎಳೆದರು, ಎಲ್ಲಿ ಎಳೆದರು ಎಂದು ಕೇಳುವವರು ಕಡಮೆ. ಅವರು ಸೇಂಟ್ ಲೂಯಿಸಿನ ಭೂಪಟವನ್ನು ತೆಗೆದು ಅದರ ಎಲ್ಲೆಯನ್ನು ಹುಡುಕಿದರು. ಮಿಸಿಸಿಪ್ಪಿ ನದಿಯ ಪಶ್ಚಿಮ ದಡದಲ್ಲಿ ಹಬ್ಬಿರುವ ಆ ಮಹಾನಗರದ ಸುತ್ತುಮುತ್ತಲಿನಲ್ಲಿ 28 ಲಕ್ಷ ಜನರು ವಾಸಿಸುತ್ತಾರೆ. ಆದರೆ ಸೇಂಟ್ ಲೂಯಿಸ್ ಪಟ್ಟಣವೆಂದು ಕಾಗದದಲ್ಲಿ ಕರೆಯಲ್ಪಡುವುದು ಸುಮಾರು 62 ಚದರ ಮೈಲಿಗಳ ಒಂದು ತುಂಡು ಮಾತ್ರ. 1876ರಲ್ಲಿ ಆ ಪಟ್ಟಣದವರು ಸುತ್ತಲಿನ ಹಳ್ಳಿಗಾಡಿನ ಕೌಂಟಿಯಿಂದ ತಮ್ಮನ್ನು ಬೇರ್ಪಡಿಸಿಕೊಂಡರು. ಆಗ ಪಟ್ಟಣವು ಸಂಪನ್ನವಾಗಿದ್ದಿತು. ತಮ್ಮ ತೆರಿಗೆಯ ಹಣ ಹೊಲಗದ್ದೆಗಳ ರಸ್ತೆಗೆ ಹೋಗಬಾರದೆಂಬುದು ಅವರ ಎಣಿಕೆ. ಎಲ್ಲೆಯನ್ನು ಎಳೆದರು, ಅದು ಅಲ್ಲಿಯೇ ನಿಂತಿತು. ಊರು ಎಲ್ಲೆಯನ್ನು ದಾಟಿ ಬೆಳೆಯಿತು. 1950ರಲ್ಲಿ 8,56,796 ಇದ್ದ ಜನಸಂಖ್ಯೆಯು 2020ರಲ್ಲಿ 3,01,578ಕ್ಕೆ ಇಳಿಯಿತು. ಸ್ಥಿತಿವಂತರು ಎಲ್ಲೆಯಾಚೆಯ ಕೌಂಟಿಯ ಹೊಸ ಬಡಾವಣೆಗಳಿಗೆ ಹೋದರು, ಹೋಗಲಾರದವರು ಉಳಿದರು. ಕೌಂಟಿಯಲ್ಲಿ ಈಗ ಹತ್ತು ಲಕ್ಷ ಜನರಿದ್ದಾರೆ. ಹ್ಯೂಸ್ಟನ್‌ನಂಥ ಪಟ್ಟಣವು ಆರು ನೂರು ಚದರ ಮೈಲಿಗಳಿಗೂ ಮೀರಿ ಹರಡಿ ತನ್ನ ಎಷ್ಟೋ ಬಡಾವಣೆಗಳನ್ನು ಒಳಗೊಂಡಿರುವಾಗ, ಸೇಂಟ್ ಲೂಯಿಸ್ ತನ್ನ ಗಾಯಗೊಂಡ ಭಾಗವನ್ನಷ್ಟೇ ತನ್ನದೆಂದು ಹೇಳಿಕೊಳ್ಳಬೇಕಾಗಿದೆ. ಹಗಲಿನಲ್ಲಿ ಕೌಂಟಿಯಿಂದ ಕೆಲಸಕ್ಕೆ ಬಂದವನೊಬ್ಬನು ಅಲ್ಲಿ ಸತ್ತರೆ ಅವನು ಅಂಶದಲ್ಲಿ ಸೇರುವನು. ಬದುಕಿದ್ದಾಗ ಛೇದದಲ್ಲಿ ಸೇರಿರಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಅವರು ಕಂಡರು. ಆ ಪಟ್ಟಣದಲ್ಲಿ 1993ರಲ್ಲಿ 267 ಕೊಲೆಗಳಾಗಿದ್ದುವು, ಅದೇ ಅತ್ಯಧಿಕ. 2020ರಲ್ಲಿ ಅದಕ್ಕಿಂತ ನಾಲ್ಕು ಕಡಮೆ. ಆದರೆ 1990ರ ಜನಗಣತಿಯಂತೆ ಅಲ್ಲಿ ಸುಮಾರು ನಾಲ್ಕು ಲಕ್ಷ ಜನರಿದ್ದುದರಿಂದ ಆಗಿನ ಪ್ರಮಾಣ 67ರ ಆಸುಪಾಸು, 2020ರದು 87. ಸತ್ತವರು ಕಡಮೆ, ಪ್ರಮಾಣ ಹೆಚ್ಚು! ನಡುವೆ ಊರು ಬಿಟ್ಟುಹೋದ ಒಂದು ಲಕ್ಷ ಜನರು, ಯಾರನ್ನೂ ಕೊಲ್ಲದೆ, ಕೇವಲ ಹೋದುದರಿಂದಲೇ ಆ ಪ್ರಮಾಣವನ್ನು ಏರಿಸಿದ್ದರು. 2006ರಲ್ಲಿ ಒಂದು ಪ್ರಕಾಶನ ಸಂಸ್ಥೆಯು ಸೇಂಟ್ ಲೂಯಿಸನ್ನು ಅಮೆರಿಕದ ಅತ್ಯಂತ ಅಪಾಯಕರ ಪಟ್ಟಣವೆಂದು ಸಾರಿತು. ಮರುವರ್ಷ ಅಮೆರಿಕದ ಅಪರಾಧಶಾಸ್ತ್ರ ಪರಿಷತ್ತು ಪಟ್ಟಣಗಳನ್ನು ಹೀಗೆ ಸಾಲಾಗಿ ನಿಲ್ಲಿಸುವುದನ್ನು ಬಹಿರಂಗವಾಗಿ ಖಂಡಿಸಿತು. ಸಾಲು ಮಾತ್ರ ಪ್ರತಿವರ್ಷವೂ ಅಚ್ಚಾಗುತ್ತಲೇ ಬಂದಿತು. ಎಳೆಯ ಮಕ್ಕಳಂತೆ ಊರುಗಳೂ ಮೊದಲು ಯಾರು, ಕೊನೆಗೆ ಯಾರು ಎಂಬುದನ್ನು ಕೇಳದೆ ಇರಲಾರವು.

ಉಪಾಧ್ಯಾಯರಿಗೆ ಇದರಿಂದ ಅರ್ಧ ಸಮಾಧಾನವಾಯಿತು. ಮಿಕ್ಕ ಅರ್ಧವನ್ನು ಆ ಸಮಾಧಾನವೇ ಕೆಡಿಸಿತು. ಏಕೆಂದರೆ ಎಲ್ಲೆಯನ್ನು ಎಷ್ಟೇ ದೂರಕ್ಕೆ ತಳ್ಳಿದರೂ 263 ಎಂಬ ಅಂಶವು ಅಳಿಸಿಹೋಗುವುದಿಲ್ಲ; ಹಿಗ್ಗಿದ ಛೇದದ ಕೆಳಗೆ ಅದು ಮರೆಯಾಗುವುದು ಅಷ್ಟೆ. ಭೂಪಟದಲ್ಲಿ ಡೆಲ್ಮಾರ್ ಎಂಬ ಒಂದು ರಸ್ತೆಯು ಪಟ್ಟಣವನ್ನು ಪೂರ್ವಪಶ್ಚಿಮವಾಗಿ ಸೀಳುತ್ತದೆ. ಅದರ ಉತ್ತರದಲ್ಲಿ ವಾಸಿಸುವವರು ಬಹುಪಾಲು ಆಫ್ರಿಕಮೂಲದವರು. ದಕ್ಷಿಣದಲ್ಲಿ ಬಿಳಿಯರು ಹೆಚ್ಚು. ಉತ್ತರದಲ್ಲಿ ಕಿಟಕಿ ಒಡೆದ ಇಟ್ಟಿಗೆಯ ಮನೆಗಳ ಸಾಲು. ರಸ್ತೆಯನ್ನು ದಾಟಿದರೆ ಬೆಲೆಯುಳ್ಳ ಮನೆಗಳು. ಕೊಲೆಗಳಲ್ಲಿ ಬಹುಪಾಲು ನಡೆಯುವುದು ಉತ್ತರದ ಕೆಲವು ಕೇರಿಗಳಲ್ಲಿ. ಸಾಯುವವರಲ್ಲಿ ಬಹುಮಂದಿ ಆಫ್ರಿಕಮೂಲದ ತರುಣರು. ಹಾಗಾದರೆ 87 ಎಂಬುದು ಯಾರ ಸಂಖ್ಯೆ? ಮಗಳು ಬಾಡಿಗೆಗೆ ಹಿಡಿಯುವ ದಕ್ಷಿಣದ ಮನೆಯಲ್ಲಿ ಅದು ಬಹಳ ಕಡಮೆ. ಉತ್ತರದ ಒಂದು ಕೇರಿಯ ಹದಿನೆಂಟು ವರ್ಷದ ಹುಡುಗನಿಗೆ ಅದರ ಎಷ್ಟೋ ಪಟ್ಟು. ಸರಾಸರಿಯ ಪ್ರಕಾರ ಮೊಳಕಾಲುದ್ದ ಇರುವ ಹೊಳೆಯಲ್ಲಿ ಮುಳುಗಿದವನ ಕಥೆಯನ್ನು ಅವರೇ ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದರು. ಮಗಳಿಗೆ ಅಪಾಯವಿಲ್ಲವೆಂದು ತಿಳಿದು ಸಂತೋಷಪಡುವಾಗ, ಆ ಹೊಳೆಯ ಮಡುವಿನಲ್ಲಿ ನಿಂತಿರುವ ಇನ್ನೊಬ್ಬರ ಮಕ್ಕಳ ನೆನಪು ಬಂದು ಅವರಿಗೆ ನಾಚಿಕೆಯಾಯಿತು.

ಮಗಳು ಆ ವರ್ಷದ ಶ್ರಾವಣದಲ್ಲಿ ಹೊರಟಳು. ಅನಂತರ ಉಪಾಧ್ಯಾಯರಿಗೆ ಸೇಂಟ್ ಲೂಯಿಸಿನ ವಾರ್ತೆಯನ್ನು ಓದುವುದು ಸಂಧ್ಯಾವಂದನೆಯಂತೆ ನಿತ್ಯಕರ್ಮವಾಯಿತು. ಓದಿದಷ್ಟೂ ಅವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತ ಬಂದಿತು: ವಾರ್ತೆಯ ಏರಿಳಿತವೇ ಬೇರೆ, ಕೊಲೆಯ ಏರಿಳಿತವೇ ಬೇರೆ. ಜಿಲ್ಲೆಯ ವಾಚನಾಲಯದಲ್ಲಿ ಅವರಿಗೆ ಲಿಂಕನ್ ಸ್ಟೆಫೆನ್ಸ್ ಎಂಬ ಅಮೆರಿಕದ ಪತ್ರಿಕಾಕರ್ತರು 1931ರಲ್ಲಿ ಪ್ರಕಟಿಸಿದ ಆತ್ಮಕಥೆ ದೊರೆತಿತು. 1890ರ ದಶಕದಲ್ಲಿ ಆತನು ನ್ಯೂಯಾರ್ಕಿನ ಒಂದು ಸಂಜೆಪತ್ರಿಕೆಗೆ ಪೋಲೀಸ್ ಕಛೇರಿಯ ವಾರ್ತೆಯನ್ನು ಬರೆಯುತ್ತಿದ್ದನು. ಒಮ್ಮೆ ಪತ್ತೇದಾರರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಒಂದು ಕನ್ನಗಳ್ಳತನದ ಕಥೆಯನ್ನು ಕೇಳಿ ಅಚ್ಚು ಹಾಕಿಸಿದನು. ಪ್ರತಿಸ್ಪರ್ಧಿ ಪತ್ರಿಕೆಯ ಜೇಕಬ್ ರೀಸನನ್ನು ಆತನ ಸಂಪಾದಕರು, ಈ ಸುದ್ದಿ ನಿನಗೇಕೆ ಸಿಕ್ಕಲಿಲ್ಲವೆಂದು ಕೇಳಿದರು. ರೀಸನು ಇನ್ನೊಂದನ್ನು ತಂದನು, ಸ್ಟೆಫೆನ್ಸನು ಮತ್ತೊಂದನ್ನು, ಮಿಕ್ಕ ಪತ್ರಿಕೆಗಳೂ ಸೇರಿದುವು. ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಅಪರಾಧದ ಮಹಾಪೂರವೇ ಬಂದಂತಾಯಿತು. ಆಗ ಪೋಲೀಸ್ ಮಂಡಲಿಯ ಅಧ್ಯಕ್ಷನಾಗಿದ್ದವನು ಮುಂದೆ ರಾಷ್ಟ್ರಾಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್. ಆತನು ಇಬ್ಬರನ್ನೂ ಕರೆಸಿ ವಿಚಾರಿಸಿದ ಮೇಲೆ ಅವರು ಬರೆಯುವುದನ್ನು ನಿಲ್ಲಿಸಿದರು, ಪೂರವೂ ಇಳಿಯಿತು. ಕಳ್ಳರ ಸಂಖ್ಯೆ ಆ ದಿನಗಳಲ್ಲಿ ಹೆಚ್ಚಿಯೂ ಇರಲಿಲ್ಲ, ಕಡಮೆಯಾಗಿಯೂ ಇರಲಿಲ್ಲವೆಂದು ಸ್ಟೆಫೆನ್ಸನು ಬರೆಯುತ್ತಾನೆ.

ಇದು ಹಳೆಯ ಕಾಲದ ವಿನೋದವೆಂದು ಬಿಡುವಂತಿಲ್ಲ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆಯವರು, ಹಿಂದಿನ ವರ್ಷಕ್ಕಿಂತ ದೇಶದಲ್ಲಿ ಅಪರಾಧ ಹೆಚ್ಚಿದೆಯೇ ಎಂದು ಜನರನ್ನು ಕೇಳುತ್ತ ಬಂದಿದ್ದಾರೆ. 1993ರಿಂದ 2023ರವರೆಗಿನ 27 ವಿಚಾರಣೆಗಳಲ್ಲಿ 23ರಲ್ಲಿ, ನೂರಕ್ಕೆ 60 ಮಂದಿಯಾದರೂ ಹೆಚ್ಚಿದೆಯೆಂದೇ ಹೇಳಿದರು. ಆ ಅವಧಿಯ ಬಹುಭಾಗದಲ್ಲಿ ಕೊಲೆಯ ಪ್ರಮಾಣವು ಇಳಿಯುತ್ತಲೇ ಇದ್ದಿತು: 1991ರಲ್ಲಿ ಲಕ್ಷಕ್ಕೆ 9.8 ಇದ್ದುದು 2014ರಲ್ಲಿ 4.4 ಆಗಿದ್ದಿತು. ನಿಮ್ಮ ಸ್ವಂತ ಊರಿನಲ್ಲಿ ಹೆಚ್ಚಿದೆಯೇ ಎಂದು ಕೇಳಿದರೆ ಹೌದೆನ್ನುವವರು ಯಾವಾಗಲೂ ಕಡಮೆ. ಕಣ್ಣಿಗೆ ಕಾಣುವ ಬೀದಿ ಶಾಂತವಾಗಿದೆ. ಕಾಣದ ದೇಶ ಹೊತ್ತಿ ಉರಿಯುತ್ತಿದೆ. ಹಾಗೆಂದು ಜನರ ಭಯವನ್ನು ಮೂಢತನವೆಂದು ಹಾಸ್ಯಮಾಡುವುದೂ ನ್ಯಾಯವಲ್ಲ. 2020ರಲ್ಲಿ ಆ ದೇಶದ ಕೊಲೆಗಳು ಒಂದೇ ವರ್ಷದಲ್ಲಿ ನೂರಕ್ಕೆ ಸುಮಾರು 30ರಷ್ಟು ಹೆಚ್ಚಿದುವು. ಅಷ್ಟು ದೊಡ್ಡ ಏರಿಕೆಯು ಅವರ ಲೆಕ್ಕಪತ್ರಗಳಲ್ಲಿ ಹಿಂದೆಂದೂ ಇರಲಿಲ್ಲ. ಆ ವರ್ಷ ಭಯಪಟ್ಟವನು ನಿಜವನ್ನೇ ಹೇಳಿದನು. ಪ್ರತಿವರ್ಷವೂ ತೋಳ ಬಂದಿತೆಂದು ಕೂಗುವ ಊರಿನಲ್ಲಿ ತೋಳ ಬಂದ ವರ್ಷವನ್ನು ಗುರುತಿಸುವುದು ಕಷ್ಟ. ಇದೇ ಆ ಕೂಗಿನಿಂದಾಗುವ ದೊಡ್ಡ ಕೇಡು.

ಭಯವೆಲ್ಲಿ ನೆಲೆಸುವುದೋ ಅಲ್ಲಿಗೆ ರಾಜಕೀಯವು ಬರದೆ ಇರುವುದಿಲ್ಲ. ಸೇಂಟ್ ಲೂಯಿಸಿನ ಎಲ್ಲೆಯಾಚೆ ಕೌಂಟಿಗೆ ಸೇರಿದ ಫರ್ಗುಸನ್ ಎಂಬ ಊರಿನಲ್ಲಿ 2014ರ ಆಗಸ್ಟ್ 9ರಂದು ಮೈಕಲ್ ಬ್ರೌನ್ ಎಂಬ 18 ವರ್ಷದ ಆಫ್ರಿಕಮೂಲದ ತರುಣನು ಪೋಲೀಸನ ಗುಂಡಿಗೆ ಬಲಿಯಾದನು. ದೇಶವೇ ಕ್ಷೋಭೆಗೊಂಡಿತು. 2013ರಲ್ಲಿ 120 ಇದ್ದ ಪಟ್ಟಣದ ಕೊಲೆಗಳು 2014ರಲ್ಲಿ 159 ಆಗಿ, 2015ರಲ್ಲಿ 188ಕ್ಕೆ ಏರಿದುವು. ಪ್ರತಿಭಟನೆಯಿಂದ ಪೋಲೀಸರು ಕೈಕಟ್ಟಿ ಕುಳಿತುದೇ ಇದಕ್ಕೆ ಕಾರಣವೆಂದು ಒಂದು ಪಕ್ಷವು ಹೇಳಿತು. ಪೋಲೀಸರ ಮೇಲಿನ ನಂಬಿಕೆ ಸತ್ತುದೇ ಕಾರಣವೆಂದು ಇನ್ನೊಂದು. ಫರ್ಗುಸನ್ನಿನ ಹೆಸರಿನಿಂದ ಒಂದು ವಾದಕ್ಕೆ ನಾಮಕರಣವೇ ಆಯಿತು. ಆಗ ಮಿಸೂರಿ ವಿಶ್ವವಿದ್ಯಾನಿಲಯದ ಸೇಂಟ್ ಲೂಯಿಸ್ ಶಾಖೆಯಲ್ಲಿದ್ದ ರಿಚರ್ಡ್ ರೋಸೆನ್‌ಫೆಲ್ಡ್ ಎಂಬ ಅಪರಾಧಶಾಸ್ತ್ರಜ್ಞರು 2015ರಲ್ಲಿ ತಿಂಗಳುತಿಂಗಳ ಲೆಕ್ಕವನ್ನು ಬಿಡಿಸಿ ನೋಡಿ, ಆ ವರ್ಷದ ಏರಿಕೆಯು ಆಗಸ್ಟ್ ತಿಂಗಳಿಗೆ ಮುಂಚೆಯೇ ಆರಂಭವಾಗಿದ್ದಿತೆಂದು ತೋರಿಸಿದರು. ಕಾರ್ಯವು ಕಾರಣಕ್ಕಿಂತ ಮೊದಲು ಹುಟ್ಟಲಾರದಷ್ಟೆ. ಆದರೆ ವಾದವು ನಿಲ್ಲಲಿಲ್ಲ. ಎರಡು ಪಕ್ಷಗಳಿಗೂ ಅದು ಅತ್ಯಂತ ಉಪಯುಕ್ತವಾಗಿದ್ದಿತು.

ಆ ಪಟ್ಟಣದ ಪೋಲೀಸರ ಮೇಲಿನ ಅಧಿಕಾರದ ಕಥೆಯು ಇನ್ನೂ ಬೋಧಪ್ರದವಾದುದು. 1861ರಲ್ಲಿ, ಅಂತರ್ಯುದ್ಧದ ಹೊಸ್ತಿಲಿನಲ್ಲಿ, ದಕ್ಷಿಣದ ರಾಜ್ಯಗಳ ಪಕ್ಷಪಾತಿಯಾಗಿದ್ದ ಮಿಸೂರಿಯ ಗವರ್ನರನು, ಒಕ್ಕೂಟದ ಪರವಾಗಿದ್ದ ಸೇಂಟ್ ಲೂಯಿಸಿನ ಕೈಯಿಂದ ಅದರ ಪೋಲೀಸ್ ದಳವನ್ನು ಕಿತ್ತು ರಾಜ್ಯದ ಕೈಗೆ ಕೊಟ್ಟನು. ಯುದ್ಧವು ಮುಗಿಯಿತು, ಗುಲಾಮಗಿರಿಯು ಹೋಯಿತು. ಆ ವ್ಯವಸ್ಥೆ ಮಾತ್ರ 152 ವರ್ಷ ಉಳಿಯಿತು. 2012ರ ನವೆಂಬರಿನಲ್ಲಿ ರಾಜ್ಯದ ಮತದಾರರು ಒಪ್ಪಿದ ಮೇಲೆ 2013ರಲ್ಲಿ ಪೋಲೀಸ್ ದಳವು ಪಟ್ಟಣಕ್ಕೆ ಮರಳಿತು. 2025ರ ಮಾರ್ಚಿನಲ್ಲಿ ರಾಜ್ಯವು ಅದನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಊರಿನಲ್ಲಿ ಅಪರಾಧ ಮಿತಿಮೀರಿದೆಯೆಂದೂ ಪೋಲೀಸರ ಸಂಖ್ಯೆ ಕುಗ್ಗಿದೆಯೆಂದೂ ರಾಜ್ಯದ ಪಕ್ಷದವರ ವಾದ. ಹಿಂದಿನ ವರ್ಷ, ಅಂದರೆ 2024ರಲ್ಲಿ, 150 ಕೊಲೆಗಳಾಗಿದ್ದು, 2013ರಿಂದ ಈಚೆಗೆ ಅಷ್ಟು ಕಡಮೆ ಎಂದೂ ಆಗಿರಲಿಲ್ಲವೆಂದು ಪಟ್ಟಣದವರ ವಾದ. ಉಪಾಧ್ಯಾಯರು ತಮ್ಮ ಚೀಟಿಯನ್ನು ತೆಗೆದು ನೋಡಿದರು. 267 ಕೊಲೆಗಳಾದ 1993ರಲ್ಲಿ ಪೋಲೀಸರು ರಾಜ್ಯದ ಕೈಯಲ್ಲಿದ್ದರು. 263 ಆದ 2020ರಲ್ಲಿ ಪಟ್ಟಣದ ಕೈಯಲ್ಲಿದ್ದರು. ಅದೇ ರಾಜ್ಯದ ಕ್ಯಾನ್ಸಸ್ ಸಿಟಿಯ ಪೋಲೀಸರು 1939ರಿಂದಲೂ ರಾಜ್ಯದ ಕೈಯಲ್ಲಿಯೇ ಇದ್ದಾರೆ. 2023ರಲ್ಲಿ ಅಲ್ಲಿ ಹಿಂದೆಂದೂ ಇಲ್ಲದಷ್ಟು ಕೊಲೆಗಳಾದುವು. ಆ ಸಂಖ್ಯೆಗಳು ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸಾಕ್ಷಿ ಹೇಳುತ್ತಿರಲಿಲ್ಲ. ಎರಡು ಪಕ್ಷಗಳೂ ಅವನ್ನು ಸಾಕ್ಷಿಗೆ ಕರೆಯುತ್ತಿದ್ದುವು.

ಆ ದಿನಗಳಲ್ಲಿ ಒಂದು ಭಾನುವಾರ ಮಗಳು ಎಂದಿನಂತೆ ದೂರವಾಣಿಯಲ್ಲಿ ಮಾತನಾಡಿದಳು. ಉಪಾಧ್ಯಾಯರು 263 ಎಂಬುದು 150ಕ್ಕೆ ಇಳಿದುದನ್ನು ಉತ್ಸಾಹದಿಂದ ಹೇಳಿ, ಪ್ರಮಾಣವೀಗ 50ರ ಆಸುಪಾಸಿಗೆ ಬಂದಿದೆಯೆಂದರು. ಮಗಳು ಸ್ವಲ್ಪ ತಡೆದು ತನ್ನ ಪ್ರಯೋಗಶಾಲೆಯ ಒಬ್ಬ ಹೆಂಗಸಿನ ವಿಷಯವನ್ನು ಹೇಳಿದಳು. ಆಕೆ ಉತ್ತರದ ಕೇರಿಯವಳು. ಗಾಜಿನ ಪಾತ್ರೆಗಳನ್ನೂ ಯಂತ್ರಗಳನ್ನೂ ನೋಡಿಕೊಳ್ಳುವಳು. ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಊಟಮಾಡಿದ ಮೇಲೆ, ಹಿಂದಿನ ವಾರ, ಆಕೆ ತನ್ನ ತಮ್ಮನ ಚಿತ್ರವನ್ನು ತೋರಿಸಿದಳಂತೆ. ಅವನು 2020ರ 263 ಜನರಲ್ಲಿ ಒಬ್ಬ. ಕೊಂದವರು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ. ಅವನು ಬಿದ್ದ ಮೂಲೆಯ ದೀಪದ ಕಂಬಕ್ಕೆ ಮನೆಯವರು ಗೊಂಬೆಗಳನ್ನೂ ಬಲೂನುಗಳನ್ನೂ ಕಟ್ಟಿ ಪ್ರತಿವರ್ಷವೂ ಮೇಣದಬತ್ತಿ ಹಚ್ಚುವರು. ಚುನಾವಣೆ ಬಂದಾಗ ಆ ಮೂಲೆಯ ಹೆಸರನ್ನು ಎಲ್ಲರೂ ಹೇಳುತ್ತಾರೆಂದೂ, ಪತ್ತೆಯ ವಿಷಯವನ್ನು ಕೇಳಿಕೊಂಡು ಹೋದರೆ ಯಾರೂ ಇರುವುದಿಲ್ಲವೆಂದೂ ಆಕೆ ಕೋಪವಿಲ್ಲದೆ ಹೇಳಿದಳಂತೆ. ಕೊಲೆಗಳು ಕಡಮೆಯಾದುದು ಆಕೆಗೆ ಸಂತೋಷವೇ. ತನ್ನ ಮಗನಿಗೆ ಈಗ ಹದಿನಾಲ್ಕು ವರ್ಷವೆಂದಳಂತೆ.

ಉಪಾಧ್ಯಾಯರು ಏನು ಹೇಳಬೇಕೆಂದು ತಿಳಿಯದೆ, ಆ ಹುಡುಗನ ಹೆಸರೇನೆಂದು ಕೇಳಿದರು. ಮಗಳು ಹೇಳಿದಳು. ಅವರು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಉಚ್ಚಾರಣೆಯು ನಾಲಿಗೆಗೆ ಒಗ್ಗುವುದು ಕಷ್ಟವಾಯಿತು.

ಅಂದು ಸಂಜೆ ಎದುರು ಮನೆಯ ವಕೀಲರು ಬಂದರು. ಪತ್ರಿಕೆಯಲ್ಲಿ ಬೆಂಗಳೂರಿನ ಒಂದು ಕೊಲೆಯ ವಾರ್ತೆ ಬಂದಿತ್ತು. ಆ ಊರು ಕೆಟ್ಟುಹೋಯಿತೆಂದೂ, ತಮ್ಮ ಕಾಲದಲ್ಲಿ ಇಂಥದು ಇರಲಿಲ್ಲವೆಂದೂ, ಹೊರಗಿನಿಂದ ಬಂದವರೇ ಇದಕ್ಕೆ ಕಾರಣವೆಂದೂ ಅವರು ಹೇಳುತ್ತ ಹೋದರು. ಹಿಂದಿನ ದಿನಗಳಾಗಿದ್ದರೆ ಉಪಾಧ್ಯಾಯರು, ಲಕ್ಷಕ್ಕೆ ಎಷ್ಟೆಂದು ಕೇಳಿ, ಚೀಟಿ ಪೆನ್ಸಿಲುಗಳನ್ನು ತರಲು ಏಳುತ್ತಿದ್ದರು. ಅಂದು ಅವರು ಏಳಲಿಲ್ಲ. "ಸತ್ತವನು ಯಾರು? ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು. ವಕೀಲರು ಪತ್ರಿಕೆಯನ್ನು ಮತ್ತೆ ತಿರುವಿ ನೋಡಿದರು. ಅದನ್ನು ಯಾರೂ ಬರೆದಿರಲಿಲ್ಲ.

ಲೆಕ್ಕವನ್ನು ಬಿಡಬೇಕೆಂದು ಇದರಿಂದ ಉಪಾಧ್ಯಾಯರಿಗೆ ತೋರಲಿಲ್ಲ. ಲೆಕ್ಕವಿಲ್ಲದ ಊರಿನಲ್ಲಿ ಕಂಬಳಿಯವನು ಪೆಟ್ಟು ತಿನ್ನುವುದನ್ನು ಅವರು ಕಣ್ಣಾರೆ ಕಂಡವರು. ಲೆಕ್ಕವನ್ನು ಪೂರ್ತಿಯಾಗಿ ಮಾಡಬೇಕೆಂದಷ್ಟೇ ಅವರಿಗೆ ತೋರಿತು. ಭಾಗಿಸಿದ ಮೇಲೆ ಭಾಗಲಬ್ಧದ ಪಕ್ಕದಲ್ಲಿ ಶೇಷವನ್ನೂ ಬರೆಯಬೇಕೆಂದು, ಬರೆಯದವರಿಗೆ ಒಂದು ಅಂಕವನ್ನು ಕಳೆಯುವೆನೆಂದು, ಅವರು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿದ್ದರು. ವಕೀಲರು ಹೋದ ಮೇಲೆ ಅವರು ಹಳೆಯ ಚೀಟಿಯನ್ನು ತೆಗೆದು, 87 ಎಂಬುದರ ಪಕ್ಕದಲ್ಲಿ, ಅಂದು ಬೆಳಗ್ಗೆ ಕಲಿತ ಆ ಹೆಸರನ್ನು ಕನ್ನಡದ ಅಕ್ಷರಗಳಲ್ಲಿ ಬರೆದಿಟ್ಟರು.